ವಿಕಿರಣ ಚಿಕಿತ್ಸೆಯ ನಂತರ ಮಿದುಳಿಗೆ ಆಗುವ ತೊಂದರೆ: ಎರಡೂ ವೈದ್ಯಪದ್ಧತಿಗಳಲ್ಲಿ ಏನಿದೆ?

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಾವು ಕ್ಯಾನ್ಸರ್ ಚಿಕಿತ್ಸೆಗೆ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಗೆ, ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಇಲ್ಲವೇ ಹೈದರಾಬಾದಿಗೆ ಹೋಗುತ್ತೇವೆ. ತಲೆಗೆ ‘ಕರೆಂಟ್’ ಕೊಡಿಸಿಕೊಂಡು ಮನೆಗೆ ಬಂದ ಕೆಲವರಲ್ಲಿ ತಿಂಗಳುಗಳ ನಂತರ ತಲೆನೋವು, ಮರೆವು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಕಾಣುತ್ತವೆ. ಗಡ್ಡೆ ಮತ್ತೆ ಬಂತೆಂದು ಮನೆಯವರು ಕೈಚೆಲ್ಲುತ್ತಾರೆ. ಎಲ್ಲ ಸಲವೂ ಅದು ಗಡ್ಡೆಯಲ್ಲ. ವಿಕಿರಣದಿಂದಲೇ ಆದ ಹಾನಿಯೂ ಇರಬಹುದು.

ಚಿಕಿತ್ಸೆಯ ದಿನಗಳಲ್ಲೇ ಬರುವ ಬಾವು ಬಹುತೇಕ ಇಳಿಯುತ್ತದೆ. 1ರಿಂದ 6 ತಿಂಗಳೊಳಗಿನ ಮಂಪರು, ಸುಸ್ತು ಕೂಡ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. 6 ತಿಂಗಳ ನಂತರ, ಕೆಲವೊಮ್ಮೆ ವರ್ಷಗಳ ಮೇಲೆ ಬರುವುದು ಗಂಭೀರ: ಸಣ್ಣ ರಕ್ತನಾಳಗಳು ಕೆಟ್ಟು, ಸೋರಿ, ಸುತ್ತಲಿನ ಮಿದುಳು ಸಾಯುತ್ತದೆ. ಸಾಮಾನ್ಯ ಎಂಆರ್‌ಐಯಲ್ಲಿ ಇದು ಗಡ್ಡೆಯಂತೆಯೇ ಕಾಣಬಹುದು. ಪರ್ಫ್ಯೂಷನ್ ಎಂಆರ್‌ಐ, ಪೆಟ್ ಸ್ಕ್ಯಾನ್ ವ್ಯತ್ಯಾಸ ತಿಳಿಯಲು ನೆರವಾಗುತ್ತವೆ.

ಮೊದಲ ಮದ್ದು ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್. ಅದು ಬಾವು ಇಳಿಸುತ್ತದೆ, ಸಕ್ಕರೆ ಏರಿಸುತ್ತದೆ, ಥಟ್ಟನೆ ನಿಲ್ಲಿಸಬಾರದು. ಬೆವಾಸಿಜುಮ್ಯಾಬ್ ಚುಚ್ಚುಮದ್ದು ನಾಳದ ಸೋರಿಕೆ ತಡೆಯುತ್ತದೆ. ಮೂಗು-ಗಂಟಲಿನ ಕ್ಯಾನ್ಸರಿಗೆ ವಿಕಿರಣ ಪಡೆದ 112 ರೋಗಿಗಳ ಮೇಲೆ ಚೀನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದರಿಂದ ಶೇ. 65.5 ಜನರಿಗೆ ಗುಣ ಕಂಡಿತು, ಸ್ಟಿರಾಯ್ಡ್‌ನಿಂದ ಶೇ. 31.5. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಅದೇ ಚೀನಾದಲ್ಲಿ ವೈದ್ಯರು ಇವುಗಳ ಜೊತೆಗೆ ಡಾನ್‌ಶೆನ್, ಹುವಾಂಗ್‌ಚಿ ಮುಂತಾದ ಬೇರುಗಳ ಔಷಧಿಯನ್ನೂ ಕೊಡುತ್ತಾರೆ. ಆ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು. ಬೇರು ಒಂದನ್ನೇ ನಂಬುವಷ್ಟು ಪುರಾವೆ ಇಲ್ಲ. ಡಾನ್‌ಶೆನ್ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ.

ನಮ್ಮ ಆಯುರ್ವೇದದ ಶಲ್ಲಕಿಗೂ, ಮರಾಠಿಯ ಸಾಲೈಗೂ, ಇಲ್ಲಿ ಮಾತಿದೆ. ಜರ್ಮನಿಯಲ್ಲಿ 44 ರೋಗಿಗಳಿಗೆ ವಿಕಿರಣ ನಡೆಯುವಾಗಲೇ ದಿನಕ್ಕೆ 4200 ಮಿ.ಗ್ರಾಂ ಶಲ್ಲಕಿ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಶಲ್ಲಕಿ ಪಡೆದವರಲ್ಲಿ ಮಿದುಳಿನ ಬಾವು ಹೆಚ್ಚು ಇಳಿದಿತ್ತು. ತಡವಾಗಿ ಬರುವ ಹಾನಿಗೆ ಅದು ಉತ್ತರವಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ವೈದ್ಯರ ಮದ್ದು ಬಿಟ್ಟು ಬೇರು ಹಿಡಿಯಬೇಡಿ. ಬೇರು ಹಿಡಿದರೆ ವೈದ್ಯರಿಂದ ಮುಚ್ಚಿಡಬೇಡಿ. ಎಷ್ಟು ‘ಗ್ರೇ’ ವಿಕಿರಣ, ಯಾವ ಭಾಗಕ್ಕೆ, ಯಾವ ತಾರೀಖು ಎಂದು ಬರೆದ ಕಾಗದ ಹಾಗೂ ಹಳೆಯ ಸ್ಕ್ಯಾನ್‌ಗಳನ್ನು ಜೋಪಾನವಾಗಿಡಿ. ಬಾರ್ಶಿಯಲ್ಲಿ ಚಿಕಿತ್ಸೆಯಾಗಿ ಕಲಬುರಗಿಯಲ್ಲಿ ತೋರಿಸುವವರಿಗೆ ಗಡ್ಡೆಯೋ ಹಾನಿಯೋ ಎಂದು ತಿಳಿಯಲು ಆ ಕಾಗದವೇ ಮೊದಲ ಆಧಾರ.