ಯೋಗ್ಯಾ: ವೈದ್ಯನ ಕೈ ಪಳಗಿದ ಕಥೆ

ವೈದ್ಯವಿದ್ಯೆಯಲ್ಲಿ ಶಾಸ್ತ್ರಜ್ಞಾನ ಬೇರೆ, ಹಸ್ತಕೌಶಲ ಬೇರೆ. ಗ್ರಂಥಗಳನ್ನೋದಿ ಶರೀರರಚನೆಯನ್ನು ಅರಿಯಬಹುದು. ಸೂಜಿಯನ್ನು ತಪ್ಪದೆ ರಕ್ತನಾಳಕ್ಕಿಳಿಸುವ ನೈಪುಣ್ಯವಾದರೋ ಮಾಡಿ ಮಾಡಿಯೇ ಬರತಕ್ಕದ್ದು. ಹಾಗಾದರೆ ಮೊತ್ತಮೊದಲ ಸಲ ಯಾರ ಮೈಮೇಲೆ ಮಾಡಬೇಕು? ಧರ್ಮಾಸ್ಪತ್ರೆಗೆ ಬಂದ ಬಡವನ ಮೈಮೇಲೆ ಎಂಬುದೇ ಬಹುಕಾಲದವರೆಗೆ ಲೋಕವು ಕೊಟ್ಟ ಉತ್ತರ. ಇಂದಿನ ಬೋಧನಾಸ್ಪತ್ರೆಗಳಲ್ಲಿರುವ ಕೌಶಲ ಪ್ರಯೋಗಾಲಯಗಳು, ಅಂದರೆ ‘ಸ್ಕಿಲ್ಸ್ ಲ್ಯಾಬ್’ಗಳು, ಈ ಉತ್ತರವನ್ನು ತಿದ್ದುವುದಕ್ಕಾಗಿ ಹುಟ್ಟಿದವು. ಅಲ್ಲಿರುವ ರಬ್ಬರಿನ ತೋಳು, ಉಸಿರಾಡುವ ಬೊಂಬೆ ಮೊದಲಾದವು ಹೊಸವು. ಅವುಗಳ ಹಿಂದಿನ ವಿಚಾರ ಮಾತ್ರ ಬಹು ಹಳೆಯದು.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಗಿನ ರೂಪಕ್ಕೆ ಬಂದಿತೆಂದು ವಿದ್ವಾಂಸರು ಎಣಿಸುವ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ಅದರ ವಿಷಯವೆಲ್ಲ ಶಿಷ್ಯನ ಕೈ ಪಳಗಿಸುವುದೇ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಚೀಲದ ಮೇಲೆ. ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುವಿನ ಸಿರೆಯಲ್ಲಿ ಮತ್ತು ನೈದಿಲೆಯ ದಂಟಿನಲ್ಲಿ. ಗಾಯದ ಆಳವನ್ನರಸುವುದನ್ನು ಹುಳು ತಿಂದ ಮರದಲ್ಲಿ. ಒಳಸಿಕ್ಕಿದ್ದನ್ನು ಹೊರತೆಗೆಯುವುದನ್ನು ಹಲಸಿನ ತಿರುಳಿನಲ್ಲಿ. ಹೊಲಿಗೆಯನ್ನು ಬಟ್ಟೆ ಮತ್ತು ಮೆದುತೊಗಲಿನ ಅಂಚುಗಳಲ್ಲಿ. ಪಟ್ಟಿ ಕಟ್ಟುವ ಅಭ್ಯಾಸಕ್ಕಾಗಿ ಒಂದು ಪೂರ್ಣ ಮನುಷ್ಯಾಕೃತಿಯ ಬೊಂಬೆಯೇ ಉಂಟು. ಶಾಸ್ತ್ರವನ್ನೆಲ್ಲ ಬಲ್ಲವನಾದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಅರ್ಹನಲ್ಲವೆಂಬುದು ಆಚಾರ್ಯನ ನಿರ್ಣಯ. ಇಲ್ಲಿ ‘ಯೋಗ್ಯಾ’ ಎಂದರೆ ಅಭ್ಯಾಸ. ನಾವು ದಿನವೂ ಬಳಸುವ ‘ಯೋಗ್ಯತೆ’ಯೂ ಅದೇ ಧಾತುವಿನಿಂದ ಬಂದ ಮಾತು. ಯೋಗ್ಯಾ ಇಲ್ಲದೆ ಯೋಗ್ಯತೆಯಿಲ್ಲ ಎಂಬುದೇ ಆ ಅಧ್ಯಾಯದ ಸಾರ.

ಬಹುಕಾಲದ ತರುವಾಯ ಇದೇ ವಿಚಾರವು ಫ್ರಾನ್ಸ್ ದೇಶದಲ್ಲಿ ಬೇರೊಂದು ರೂಪದಿಂದ ತಲೆಯೆತ್ತಿತು. ಹೆರಿಗೆಯಲ್ಲಿ ಹಳ್ಳಿಗಾಡಿನ ತಾಯಿ-ಮಕ್ಕಳು ಸಾಯುವುದನ್ನು ತಡೆಯಬೇಕೆಂದು ಹದಿನೈದನೆಯ ಲೂಯಿ ದೊರೆಯು 1759ರಲ್ಲಿ ಆಂಜೆಲಿಕ್ ದು ಕೂದ್ರೇ ಎಂಬ ಸೂಲಗಿತ್ತಿಗೆ ನಾಡೆಲ್ಲ ಸುತ್ತಿ ಕಲಿಸುವ ಅಧಿಕಾರವನ್ನು ಕೊಟ್ಟನು. ಆಕೆ ಬಟ್ಟೆ, ತೊಗಲುಗಳಿಂದ ಗರ್ಭಿಣಿಯ ಕಟಿಭಾಗವನ್ನೂ ಶಿಶುವನ್ನೂ ರಚಿಸಿ, ಅಕ್ಷರವರಿಯದ ಹೆಂಗಸರಿಗೂ ಹೆರಿಗೆಯ ಕ್ರಮವನ್ನು ಅವರ ಕೈಯಿಂದಲೇ ಮಾಡಿಸಿ ಕಲಿಸಿದಳು. ಸುಮಾರು ಕಾಲು ಶತಮಾನ ಹೀಗೆ ಸಂಚರಿಸಿ ಹಲವು ಸಾವಿರ ಮಂದಿಯನ್ನು ತರಬೇತುಗೊಳಿಸಿದಳು. ಆಕೆಯ ಕಾಲದ ಒಂದು ಬೊಂಬೆ ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಬಾಯಿಂದ ಬಾಯಿಗೆ ಉಸಿರೂಡುವ ಕ್ರಮದ ಪ್ರಯೋಜನವನ್ನು ಪೀಟರ್ ಸಾಫರ್ ಮೊದಲಾದ ವೈದ್ಯರು ಸಿದ್ಧಪಡಿಸಿದರು. ಅದನ್ನು ಜನಸಾಮಾನ್ಯರಿಗೆ ಕಲಿಸಲೆಂದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಮೆದು ಪ್ಲಾಸ್ಟಿಕ್ಕಿನ ‘ರೆಸಸಿ ಆ್ಯನ್’ ಬೊಂಬೆಯನ್ನು ಹೊರತಂದನು. ಭಾರತದಲ್ಲಿ 2019ರಲ್ಲಿ ಜಾರಿಗೆ ಬಂದ ಹೊಸ ವೈದ್ಯಕೀಯ ಪಠ್ಯಕ್ರಮವು ಕೌಶಲ ಪ್ರಯೋಗಾಲಯವನ್ನು ಕಾಲೇಜುಗಳಿಗೆ ಅವಶ್ಯವೆಂದು ವಿಧಿಸಿತು. ಅಲ್ಲಿ ಗುರು ಮಾಡಿ ತೋರಿಸುತ್ತಾನೆ. ಶಿಷ್ಯನು ಮತ್ತೆ ಮತ್ತೆ ಮಾಡುತ್ತಾನೆ. ಎಡವಿದಲ್ಲಿ ಗುರು ತಿದ್ದುತ್ತಾನೆ. ನೂರು ಬಾರಿ ತಪ್ಪಿದರೂ ಬೊಂಬೆಗೆ ನೋವಿಲ್ಲ.

ನೋವಿಲ್ಲವೆಂಬುದೇ ಬೊಂಬೆಯ ಗುಣ; ಅದೇ ಅದರ ಕೊರತೆಯೂ ಹೌದು. ನೋಯದ ಬೊಂಬೆಗೆ ನೋವನ್ನು ಹೇಳುವ ಮಾತೂ ಇಲ್ಲ. ಹೊವಾರ್ಡ್ ಬ್ಯಾರೋಸ್ ಎಂಬ ವೈದ್ಯನು 1963ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ, ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದನು. ಕೈಯಂತೆ ಕಿವಿಗೂ ಅಭ್ಯಾಸ ಬೇಕೆಂಬುದು ಅಲ್ಲಿಂದ ಶಿಕ್ಷಣದ ಅಂಗವಾಗುತ್ತ ಬಂದಿತು.

ಗಡಿನಾಡಿನವರಾದ ನಾವು ಮನಸ್ಸಿಟ್ಟು ನೋಡಬೇಕಾದುದು ಇದನ್ನೇ. ಕಾಸರಗೋಡಿನ ಅಜ್ಜಿಯೊಬ್ಬಳು ಆಸ್ಪತ್ರೆಗೆ ಹೋದಾಗ ಎದುರಿಗೆ ಕುಳಿತ ವೈದ್ಯನ ನುಡಿ ಬೇರೆಯಾಗಿರಬಹುದು. ಉರಿ, ಚಳುಕು, ಸೆಳೆತ, ಸಿಡಿತ, ತೊಳಸು, ಸಂಕಟ ಎಂದು ಕನ್ನಡದಲ್ಲಿ ನೋವಿಗೆ ಹತ್ತು ಮುಖ. ಎದೆ ಹಿಂಡಿದಂತಾಗುತ್ತದೆ ಎಂಬುದನ್ನು ಎದೆಯುರಿಯೆಂದು ಕೇಳಿಸಿಕೊಂಡರೆ, ಎಷ್ಟು ಪಳಗಿದ ಕೈಯಾದರೂ ತಪ್ಪು ದಾರಿಗೆ ಹೊರಳುವುದು. ಆದುದರಿಂದ ಗಡಿಯ ಇಬ್ಬದಿಯ ತರಬೇತಿ ಕೇಂದ್ರಗಳಲ್ಲಿ ರೋಗಿಯ ಪಾತ್ರ ವಹಿಸುವವರು ಕನ್ನಡ, ತುಳು, ಮಲಯಾಳಗಳಲ್ಲಿ ಮಾತನಾಡುವವರಾಗಿರಲಿ. ಅಂತಹವರನ್ನು ಒದಗಿಸಿಕೊಡುವ ಕಾರ್ಯವು ನಮ್ಮ ಸಂಘಗಳ ಶಕ್ತಿಗೆ ಮೀರಿದುದಲ್ಲ. ಕುಂಬಳ, ಸೋರೆಗಳಿಂದ ಮೊದಲಾದ ಯೋಗ್ಯಾ ರೋಗಿಯ ತಾಯ್ನುಡಿಯವರೆಗೂ ಬರಲಿ. ವೈದ್ಯನ ಯೋಗ್ಯತೆ ಆಗಲೇ ಪೂರ್ಣವಾದೀತು.