ಹೊಳೆಯ ಎರಡು ದಡ, ಒಂದು ಬಾಟಲಿ

ಇಂಪೀರಿಯಲ್ ಗೆಜೆಟಿಯರ್ ಅಂತ ಬ್ರಿಟಿಷರ ಕಾಲದ ಪುಸ್ತಕ ಇದೆ. 1908ರ ಆವೃತ್ತಿ. ಅದರಲ್ಲಿ ಬಳ್ಳಾರಿ ಊರಿನ ಕೈಗಾರಿಕೆಗಳ ಲೆಕ್ಕ ಕೊಡ್ತಾರೆ. ಎರಡು ಹತ್ತಿ ಪ್ರೆಸ್ಸು, 1894ರಲ್ಲಿ ಶುರುವಾದ ಒಂದು ನೂಲಿನ ಗಿರಣಿ. ಅವುಗಳ ಜೊತೆಗೆ ಒಂದು ಸಣ್ಣ ಡಿಸ್ಟಿಲರಿ! ದಂಡು ಬೀಡುಬಿಟ್ಟಿದ್ದ ಊರು, ಅದರ ಮೇಲೆ ಬಳ್ಳಾರಿ ಬಿಸಿಲು. ಭಟ್ಟಿ ಇರದೇ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಈ ಸಾಲು ನೆನಪಾಗಿದ್ದಕ್ಕೆ ಕಾರಣ ಇದೆ. ಕಳೆದ ಬಾರಿ ಬಳ್ಳಾರಿಗೆ ಹೋದಾಗ ಗೆಳೆಯನೊಬ್ಬನ ಮನೆ ಮಾಳಿಗೆ ಮೇಲೆ ಕೂತಿದ್ವಿ. ಅವನ ತಮ್ಮ ಟೊರಾಂಟೊದಿಂದ ರಜೆಗೆ ಬಂದಿದ್ದ. ನೇರಳೆ ಬಣ್ಣದ ಚೀಲದಲ್ಲಿ ಒಂದು ಬಾಟಲಿ ತಂದಿದ್ದ, ಕ್ರೌನ್ ರಾಯಲ್. 1939ರಲ್ಲಿ ಆರನೇ ಜಾರ್ಜ್ ದೊರೆ ಕೆನಡಾಕ್ಕೆ ಬಂದಾಗ ಅವರಿಗೋಸ್ಕರ ಮಾಡಿಸಿದ ವಿಸ್ಕಿ ಅದು. ಮಾಡಿಸಿದ್ದು ಸ್ಯಾಮ್ಯುಯಲ್ ಬ್ರಾನ್ಫ್‌ಮನ್, ಸೀಗ್ರಾಮ್ ಕಂಪನಿಯ ಯಜಮಾನ. ಗೆಳೆಯ ಒಳಗಿಂದ ತನ್ನ ಬಾಟಲಿಯನ್ನೂ ತಂದಿಟ್ಟ, ರಾಯಲ್ ಸ್ಟ್ಯಾಗ್. ಅದರ ಮೇಲೂ ಸೀಗ್ರಾಮ್ಸ್ ಅಂತ ಬರೆದಿದೆ, ನೋಡಿದ್ದೀರಲ್ವಾ? ನಮ್ಮ ಹಳ್ಳಿಹಳ್ಳಿಯ ಬಾರಲ್ಲೂ ಕಾಣೋ ಆ ಹೆಸರು ಕೆನಡಾದ ವಾಟರ್‌ಲೂ ಊರಿನ ಒಂದು ಡಿಸ್ಟಿಲರಿಯದ್ದು, 1857ರದ್ದು. 1995ರಲ್ಲಿ ಸೀಗ್ರಾಮ್ ಇಲ್ಲಿ ರಾಯಲ್ ಸ್ಟ್ಯಾಗ್ ಬಿಟ್ಟಿತು. 2001ರ ಹೊತ್ತಿಗೆ ಆ ಕಂಪನಿಯೇ ಪಾಲಾಗಿ ಹಂಚಿಹೋಯ್ತು. ಕ್ರೌನ್ ರಾಯಲ್ ಬ್ರಿಟನ್ನಿನ ಡಿಯಾಜಿಯೊ ಪಾಲಿಗೆ, ರಾಯಲ್ ಸ್ಟ್ಯಾಗ್ ಫ್ರಾನ್ಸಿನ ಪೆರ್ನೊ ರಿಕಾರ್ ಪಾಲಿಗೆ. ಅಂತೂ ಪಾಲಾದ ಮನೆಯ ಅಣ್ಣತಮ್ಮ ಬಳ್ಳಾರಿ ಮಾಳಿಗೆ ಮೇಲೆ ಎದುರುಬದುರು ಕೂತಿದ್ದರು.

ಮೊದಲು ನೀರು, ಸೋಡಾ ಏನೂ ಇಲ್ಲದೆ ಕ್ರೌನ್ ರಾಯಲ್. ಗಂಟಲು ಸುಡಲಿಲ್ಲ. ವೆನಿಲ್ಲಾ, ಕಾಸಿದ ಸಕ್ಕರೆ, ನಮ್ಮ ಬಳ್ಳಾರಿಯ ಒಣ ಅಂಜೂರದ ಸಿಹಿ, ಕೊನೆಗೆ ಮೆಣಸಿನ ಸಣ್ಣ ಚುರುಕು. ಯಾಕೆ ಹೀಗೆ? ಅಲ್ಲಿಯವರು ಎರಡು ವಿಸ್ಕಿ ಬೇರೆಬೇರೆ ಮಾಡಿ ಆಮೇಲೆ ಸೇರಿಸ್ತಾರೆ. ಒಂದು ಮೆಕ್ಕೆಜೋಳದ್ದು. ಹೆಚ್ಚು ಸಲ ಬಟ್ಟಿ ಇಳಿಸಿದ್ದರಿಂದ ತೆಳ್ಳಗೆ, ಮೆತ್ತಗೆ ಇರುತ್ತೆ. ಇನ್ನೊಂದು ರೈ ಅನ್ನೋ ಧಾನ್ಯದ್ದು, ಖಾರವಾದ ಘಾಟಿನದು. ಬಳ್ಳಾರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಕೆಜೋಳದ್ದು ಮಂಡಕ್ಕಿ, ರೈ ಒಗ್ಗರಣೆ. ತಟ್ಟೆ ತುಂಬೋದು ಮಂಡಕ್ಕಿ, ಹೆಸರು ಬರೋದು ಒಗ್ಗರಣೆಗೆ. ಎರಡನ್ನೂ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಲೇಬೇಕು, ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು. ಹಳೆಯದು ಮಾಡಿಯೇ ಮಾರಬೇಕು ಅನ್ನೋ ಕಾನೂನು ಕೆನಡಾದಲ್ಲಿ 1890ರಿಂದಲೇ ಇದೆ. ಆಗ ಅದು 2 ವರ್ಷ ಇತ್ತು.

ಆಮೇಲೆ ರಾಯಲ್ ಸ್ಟ್ಯಾಗ್, ಅದೂ ನೀರಿಲ್ಲದೆ. ವ್ಯತ್ಯಾಸ ನಾಲ್ಕೂ ಜನಕ್ಕೆ ಗೊತ್ತಾಯ್ತು. ಹಾಗಂತ ಅದನ್ನ ಹೀಗಳೆಯೋದು ಅನ್ಯಾಯ. ಅದು ಧಾನ್ಯದ ಸ್ಪಿರಿಟ್ಟಿಗೆ ಸ್ಕಾಟ್ಲೆಂಡಿನ ಮಾಲ್ಟ್ ಸೇರಿಸಿದ್ದು. ನಮ್ಮ ಬಹುಪಾಲು ಅಗ್ಗದ ವಿಸ್ಕಿಯ ಬುಡದಲ್ಲಿ ಧಾನ್ಯವೇ ಇಲ್ಲ, ಇರೋದು ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕರೀ ಪಾಕ. ಬೇರೆ ದೇಶದಲ್ಲಿ ಇದಕ್ಕೆ ರಮ್ ಅಂತಾರೆ. ಯುರೋಪಿನಲ್ಲಿ ವಿಸ್ಕಿ ಅಂತ ಮಾರೋದಕ್ಕೇ ಬಿಡಲ್ಲ. ನಮ್ಮ ನಿಯಮ ಕೃಷಿ ಮೂಲದ ಸ್ಪಿರಿಟ್ ಆದರೆ ಸಾಕು ಅನ್ನುತ್ತೆ. ಕಬ್ಬೂ ಕೃಷಿನೇ ಅಲ್ವಾ!

ಕೊನೆಗೆ ಕಾಕ್‌ಟೇಲು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಕಹಿ ಕಷಾಯ ಅಂತ ವಿವರಿಸಿತ್ತು. ಅದೇ ಮುಂದೆ ಓಲ್ಡ್ ಫ್ಯಾಶನ್ಡ್ ಆಯ್ತು. ಮ್ಯಾನ್‌ಹ್ಯಾಟನ್‌ಗೆ ವರ್ಮೂತ್ ಬೇಕು, ನಮ್ಮ ಹತ್ತಿರ ಇರಲಿಲ್ಲ, ಬಿಟ್ವಿ. ಓಲ್ಡ್ ಫ್ಯಾಶನ್ಡ್‌ನಲ್ಲಿ ಕ್ರೌನ್ ರಾಯಲ್ ಸಿಹಿ ಮೇಲೆ ಸಿಹಿಯಾಗಿ ಸಪ್ಪೆ ಹೊಡೀತು. ನಿಂಬೆಹಣ್ಣು ಹಿಂಡಿ ವಿಸ್ಕಿ ಸವರ್ ಮಾಡಿದಾಗ ಮಾತ್ರ ಹದ ಬಂತು. ಅದೇ ಸವರನ್ನ ರಾಯಲ್ ಸ್ಟ್ಯಾಗಲ್ಲೂ ಮಾಡಿ, ಯಾವುದು ಯಾವುದು ಅಂತ ಹೇಳದೆ ಕೊಟ್ರೆ ನಾಲ್ಕರಲ್ಲಿ ಮೂರು ಜನ ತಪ್ಪು ಹೇಳಿದ್ವಿ. ನಾನೂ ಅದರಲ್ಲೊಬ್ಬ.

ಈಗ ಇತಿಹಾಸಕ್ಕೆ ಬನ್ನಿ. ಕೆನಡಾದ ವಿಸ್ಕಿಗೆ ಇಷ್ಟು ದೊಡ್ಡ ಹೆಸರು ಬಂದಿದ್ದರಲ್ಲಿ ಒಂದು ನದಿಯ ಪಾಲಿದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧ. ಡೆಟ್ರಾಯಿಟ್ ನದಿಯ ಈ ದಡದಲ್ಲಿ ಅಮೆರಿಕ, ಆ ದಡದಲ್ಲಿ ಕೆನಡಾದ ವಿಂಡ್ಸರ್. ನಡುವೆ ಒಂದು ಮೈಲಿಯೂ ಇಲ್ಲ. ಆ ದಡದಲ್ಲೇ ಹೈರಮ್ ವಾಕರ್ 1858ರಲ್ಲಿ ಕಟ್ಟಿದ ಡಿಸ್ಟಿಲರಿ, ಕೆನೇಡಿಯನ್ ಕ್ಲಬ್ ಬರೋದು ಅಲ್ಲಿಂದಲೇ. ತಮಾಷೆ ಏನು ಗೊತ್ತಾ? ಒಂಟಾರಿಯೊ ಪ್ರಾಂತದಲ್ಲೂ 1916ರಿಂದ 1927ರವರೆಗೆ ಪಾನನಿರೋಧ ಇತ್ತು. ಊರಿನವರಿಗೆ ಮಾರಬಾರದು, ಹೊರಗೆ ಕಳಿಸೋದಕ್ಕೆ ಮಾಡಬಹುದು! ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೆ ಮಂಜಿನ ಮೇಲೇ ಕಾರು.

ಇದನ್ನ ಹೇಳ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಗೆಳೆಯನ ತಾತ ನಕ್ಕರು. ಸಿರುಗುಪ್ಪದವರು, ಗ್ಲಾಸು ಮುಟ್ಟೋರಲ್ಲ. "ತಮ್ಮಾ, ಅಷ್ಟು ದೂರ ಯಾಕ ಹೋಗ್ತೀ? ನಮ್ಮ ಹೊಳಿ ಇಲ್ಲೇನು?" ಅಂದರು.

ನಾನು ಸುಮ್ಮನಾದೆ. ಹೌದಲ್ಲ! 1937ರಲ್ಲಿ ರಾಜಾಜಿ ಸೇಲಂನಲ್ಲಿ ಶುರು ಮಾಡಿದ ಪಾನನಿರೋಧ, 1948ರ ಅಕ್ಟೋಬರ್ 2ಕ್ಕೆ ಇಡೀ ಮದ್ರಾಸ್ ಪ್ರಾಂತಕ್ಕೆ ಹಬ್ಬಿತು. ಬಳ್ಳಾರಿ ಆಗ ಮದ್ರಾಸಿನಲ್ಲಿ, ಸಿರುಗುಪ್ಪವೂ ಅಲ್ಲೇ. ತುಂಗಭದ್ರೆ ದಾಟಿದರೆ ಸಿಂಧನೂರು, ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ. ನಿಜಾಮನ ಕಾಲದಿಂದಲೂ ಅಬಕಾರಿಯೇ ದೊಡ್ಡ ಆದಾಯವಾಗಿದ್ದ ರಾಜ್ಯ. ಈ ದಡದಲ್ಲಿ ಕುಡಿದರೆ ಕೇಸು, ಆ ದಡದಲ್ಲಿ ಕುಡಿದರೆ ಖಜಾನೆಗೆ ಕಾಸು. ಎರಡೂ ಕಡೆ ಮಾತು ಕನ್ನಡ, ಎರಡೂ ಕಡೆ ಬೀಗತನ.

"ಬೇಸಿಗ್ಯಾಗ ಹೊಳ್ಯಾಗ ನೀರೆಲ್ಲಿ ಇರ್ತಾವ? ಮದುವಿಗೆ ಅಂತ ಆ ಕಡೆ ನಡಕೊಂಡು ಹೋದೋರು ಬರಬೇಕಾದ್ರ ತೂರ್‍ಯಾಡ್ಕೊಂತ ಬರೋರು," ಅಂದರು ತಾತ. "ಪೊಲೀಸ್ರು ಈ ದಂಡಿ ಮ್ಯಾಲೆ ಕುಂತಿರೋರು."

1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಪಾನನಿರೋಧವೂ ಜೊತೆಗೇ ಬಂತು. 1956ರಲ್ಲಿ ರಾಯಚೂರೂ ಬಂತು. 1967ರಲ್ಲಿ ನಿಜಲಿಂಗಪ್ಪನವರ ಸರ್ಕಾರ ಪಾನನಿರೋಧ ತೆಗೆದುಹಾಕಿತು. ವಿಂಡ್ಸರಿನ ದಡದಲ್ಲಿ ಪೀಪಾಯಿಗಟ್ಟಲೆ ಹಳೇ ವಿಸ್ಕಿ ಕಾದು ಕೂತಿತ್ತು, ಬಾಗಿಲು ತೆರೆದ ದಿನ ಅದಕ್ಕೆ ಮಾರುಕಟ್ಟೆ ಸಿದ್ಧವಿತ್ತು. ನಮ್ಮ ದಡದಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದಿದ್ದು ಸಾರಾಯಿ, ಸೇಂದಿ. (ಬಳ್ಳಾರಿ ಬಿಸಿಲಲ್ಲಿ ಪೀಪಾಯಿ ಇಟ್ಟರೂ ಎಷ್ಟು ಉಳಿಯುತ್ತೋ! ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ 2 ಪಾಲು ಆವಿಯಾದರೆ, ತಂಪಾದ ಬೆಂಗಳೂರಲ್ಲೇ 10ಕ್ಕೂ ಮೇಲೆ ಹೋಗುತ್ತೆ.)

ಆಮೇಲೆ 2007ರ ಜುಲೈ 1. ರಾಜ್ಯದಲ್ಲಿ ಸಾರಾಯಿ ನಿಷೇಧ. ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದು ಅದು. ನಾನೂ ಆಗ ಭಲೇ ಅಂದವನೇ. ಆದರೆ ಸಾರಾಯಿ ಕುಡಿಯುತ್ತಿದ್ದವರು ಎಲ್ಲಿ ಹೋದರು ಅಂತ ನಾವು ಸ್ಟುಡಿಯೊದಲ್ಲಿ ಕೂತವರು ಸರಿಯಾಗಿ ಕೇಳಲೇ ಇಲ್ಲ.

ಮರುದಿನ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ವಾಪಸ್ ಬರ್ತಿದ್ದೆ. ಮೆಣಸಿನಕಾಯಿ ಬಿಡಿಸೋ ಹೊತ್ತು. ಹೊಲದ ಬದುವಿನಲ್ಲಿ ಟೆಟ್ರಾ ಪ್ಯಾಕುಗಳು ಬಿದ್ದಿದ್ವು, ಹಣ್ಣಿನ ರಸದ ಡಬ್ಬಿ ಇದ್ದ ಹಾಗೆ. ಒಂದನ್ನ ಎತ್ತಿ ನೋಡಿದೆ. 90 ಎಂಎಲ್, ನೂರಕ್ಕೆ 42.8ರಷ್ಟು ಆಲ್ಕೋಹಾಲ್. ಕೆನಡಾದಲ್ಲಿ 40 ಇದ್ದರೆ ಸಾಕು. ಹೆಸರು ವಿಸ್ಕಿ.

ಕಾಯಿ ಬಿಡಿಸ್ತಿದ್ದ ಹೆಣ್ಣುಮಗಳು ನನ್ನನ್ನೇ ನೋಡ್ತಿದ್ದಳು. "ಏನ್ ಓದ್ತೀಯಣ್ಣಾ ಅದನ್ನ?" ಅಂದಳು. ಸಾರಾಯಿ ನಿಂತ ಮೇಲೆ ಹೇಗಿದೆಯಮ್ಮಾ ಅಂತ ಕೇಳಿದೆ.

"ಸಾರಾಯಿ ಬಂದಾತು ಅಂತ ಆಗ ನಾವೂ ಊರಾಗ ಸಕ್ರಿ ಹಂಚಿದ್ವಿ. ವಾರದಾಗ ನಮ್ಮನ್ಯಾಗ ಇದು ಬಂತು. ಹೆಸರೂ ದೊಡ್ಡದಾತು, ರೊಕ್ಕಾನೂ ದೊಡ್ಡದಾತು."

ದಿನಕ್ಕೆ ಎಷ್ಟು ಬೇಕು ಅಂದೆ. ಗಂಡನ ಕಡೆ ಒಮ್ಮೆ ನೋಡಿ, ಮೂರು ಬೆರಳು ಎತ್ತಿ ತೋರಿಸಿ, ಮತ್ತೆ ಕಾಯಿ ಬಿಡಿಸೋಕೆ ಬಗ್ಗಿದಳು.