ಅರವತ್ತು ಮೀಟರ್ ಆಳದ ಸಾಕ್ಷ್ಯ: ‘ಸುವರ್ಣ ತ್ರಿಭುಜ’ ಮತ್ತು ಮುಳುಗುಗಾರರ ಹೊಣೆ

ಮಲ್ಪೆ ಬಂದರಿನಿಂದ 2018ರ ಡಿಸೆಂಬರ್ 13ರಂದು ಆಳಸಮುದ್ರ ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು 15ರ ರಾತ್ರಿಯ ನಂತರ ಯಾರ ಸಂಪರ್ಕಕ್ಕೂ ಸಿಗಲಿಲ್ಲ. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರು ಅದರಲ್ಲಿದ್ದರು. ಡಿಕ್ಕಿಯೇ, ಅಪಹರಣವೇ ಎಂಬ ಊಹೆಗಳು ದಡದಲ್ಲಿ ಬೆಳೆಯುತ್ತ ಹೋದವು. 2019ರ ಜನವರಿಯಲ್ಲಿ ಮೀನುಗಾರರು ಮಲ್ಪೆಯಿಂದ ಮೆರವಣಿಗೆ ಹೊರಟು ಅಂಬಲಪಾಡಿಯಲ್ಲಿ ಹೆದ್ದಾರಿ ತಡೆದರು. ಕೊನೆಗೆ ಮೇ ತಿಂಗಳ ಆರಂಭದಲ್ಲಿ, ನೌಕಾಪಡೆಯ ಮುಳುಗು ಕಾರ್ಯಾಚರಣೆಯ ಹಡಗು ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಮಾಡಿತು.

ಕಡಲಿಲ್ಲದ ಕಲಬುರಗಿಯಲ್ಲಿ ಕುಳಿತು ಈ ಪ್ರಕರಣವನ್ನು ಓದುವವರಿಗೂ ಇದು ಪರಕೀಯವಲ್ಲ. ಆ ಏಳು ಜನರಂತೆಯೇ ಭೀಮಾ, ಕಾಗಿಣಾ ನದಿಗಳ ಪಾಲಾದವರ ದೇಹವೂ ಸಿಗದಿದ್ದಾಗ ಮನೆಯವರು ಪಡುವ ಪಾಡು ಈ ಭಾಗಕ್ಕೆ ಗೊತ್ತಿರುವಂಥದೇ.

ಬೋಟಿನ ಅವಶೇಷ ಇರುವ ಆಳಕ್ಕೆ ಇಳಿಯುವುದು ಹವ್ಯಾಸದ ಮಾತಲ್ಲ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಮುರುಡೇಶ್ವರದಾಚೆಯ ನೇತ್ರಾಣಿ, ಬಣ್ಣದ ಮೀನು, ಬಂಡೆಗಳ ನೋಟ. ಹವ್ಯಾಸಿಗಳಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಗಡಿ 40 ಮೀಟರ್. ಅರವತ್ತರ ಲೆಕ್ಕವೇ ಬೇರೆ. ಅಲ್ಲಿ ಒತ್ತಡ ನೀರಿನ ಮೇಲಿನದಕ್ಕಿಂತ ಏಳು ಪಟ್ಟು. 200 ಬಾರ್ ಒತ್ತಡದಲ್ಲಿ ತುಂಬಿದ 12 ಲೀಟರಿನ ಸಿಲಿಂಡರು, ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ದಡದಲ್ಲಿ ಎರಡು ಗಂಟೆ ಬಂದರೆ ಅಲ್ಲಿ ಹದಿನೇಳು ನಿಮಿಷವಷ್ಟೇ. ಒತ್ತಡಕ್ಕೊಳಗಾದ ಸಾರಜನಕ ಬುದ್ಧಿಗೆ ಮಂಕು ಕವಿಸುತ್ತದೆ; ಸಾಮಾನ್ಯ ಗಾಳಿಯಲ್ಲಿರುವ ಆಮ್ಲಜನಕದ ಆಂಶಿಕ ಒತ್ತಡ 1.47 ಬಾರ್‌ಗೆ ಏರಿ ಹವ್ಯಾಸಿಗಳ ಸುರಕ್ಷತಾ ಮಿತಿಯಾದ 1.4ನ್ನು ದಾಟುತ್ತದೆ. ಹೀಲಿಯಂ ಬೆರೆತ ಗಾಳಿ, ಮೇಲೇರುವಾಗ ಹಂತಹಂತದ ದೀರ್ಘ ತಂಗುವಿಕೆ, ಮೇಲೆ ಕಾಯುವ ಹಡಗು ಇವಿಲ್ಲದೆ ಅಲ್ಲಿ ಕೆಲಸ ಮಾಡಲಾಗದು. ಹೀಗಾಗಿ ಆ ಅವಶೇಷ ಏನು ಹೇಳುತ್ತದೆಂಬುದು ಸರ್ಕಾರದ ಕಣ್ಣಿಗಷ್ಟೇ ಎಟುಕುತ್ತದೆ. ಅಲ್ಲಿ ಕಂಡದ್ದನ್ನು ಪೂರ್ತಿಯಾಗಿ ದಾಖಲಿಸಿ ಕುಟುಂಬಗಳ ಮುಂದಿಡುವ ಹೊಣೆಯೂ ಅದರದೇ ಆಗುತ್ತದೆ.

ಈ ದಾಖಲೆಗೆ ಕಾನೂನಿನ ತೂಕವಿದೆ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಪ್ರಕಾರ, ಏಳು ವರ್ಷ ಸುದ್ದಿಯಿಲ್ಲದವರು ಬದುಕಿದ್ದಾರೆಂದು ಸಾಧಿಸುವ ಭಾರ ಹಾಗೆ ಹೇಳುವವರ ಮೇಲೆ ಬೀಳುತ್ತಿತ್ತು. ಆದರೆ ಸಾವು ಯಾವಾಗ ಆಯಿತೆಂಬುದನ್ನು ಆ ಕಲಮಿನಿಂದ ಊಹಿಸಲಾಗದು, ಅದನ್ನು ಸಾಕ್ಷ್ಯದಿಂದಲೇ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2004ರ ಎಲ್‌ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ ಹೇಳಿದೆ. ವಿಮೆ, ಪರಿಹಾರ, ಆಸ್ತಿ ಎಲ್ಲಕ್ಕೂ ಈ ದಿನಾಂಕವೇ ಆಧಾರ. ದೇಹಗಳು ಸಿಗದ ಮನೆಗಳಿಗೆ ಮುಳುಗಿದ ಬೋಟು ಅತ್ಯಂತ ಗಟ್ಟಿಯಾದ ಸಾಕ್ಷ್ಯ.

ಆದರೂ ಪರಂಪರೆಯ ಕಾನೂನುಗಳ ಕಣ್ಣಿಗೆ ಅದು ಬೀಳುವುದಿಲ್ಲ. ಯುನೆಸ್ಕೋದ 2001ರ ಜಲಾಂತರ್ಗತ ಪರಂಪರೆಯ ಒಪ್ಪಂದ ನೂರು ವರ್ಷ ನೀರಿನಡಿ ಇದ್ದುದಕ್ಕೆ ಮಾತ್ರ ಅನ್ವಯಿಸುತ್ತದೆ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಸಾಮಾನ್ಯ ಮಿತಿಯೂ ನೂರೇ. ಅಳುವವರು ಇನ್ನೂ ಬದುಕಿರುವಾಗ ರಕ್ಷಣೆಯಿಲ್ಲ, ಅವರೆಲ್ಲ ತೀರಿಕೊಂಡ ಮೇಲೆ ಉಂಟು ಎಂಬ ಈ ಕ್ರಮವನ್ನು ನಾನು ಒಪ್ಪಲಾರೆ.

ಹಾಗೆಂದು ಪೂರ್ಣ ನಿಷೇಧವೂ ಉತ್ತರವಲ್ಲ. 1994ರಲ್ಲಿ ಬಾಲ್ಟಿಕ್ ಕಡಲಲ್ಲಿ 852 ಜನರನ್ನು ಬಲಿ ತೆಗೆದುಕೊಂಡು ಮುಳುಗಿದ ‘ಎಸ್ಟೋನಿಯಾ’ ಹಡಗನ್ನು ಮರುವರ್ಷವೇ ಒಪ್ಪಂದದ ಮೂಲಕ ಸಮಾಧಿಯೆಂದು ಘೋಷಿಸಿ ಮುಳುಗುವುದನ್ನು ನಿಷೇಧಿಸಲಾಯಿತು. ಸತ್ತವರಿಗೆ ಸಲ್ಲಬೇಕಾದ ಗೌರವ ಅದು. ಆದರೆ 2020ರಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರವೊಂದು ನೀರೊಳಗಿನ ಯಂತ್ರದಿಂದ ಚಿತ್ರೀಕರಿಸಿ ಹಡಗಿನ ಮೈಯಲ್ಲಿ ದೊಡ್ಡ ಬಿರುಕನ್ನು ತೋರಿಸಿದಾಗ, ಮರುಪರಿಶೀಲನೆಗಾಗಿ ಕಾನೂನನ್ನೇ ಸಡಿಲಿಸಬೇಕಾಯಿತು. ತಡೆಯಬೇಕಾದದ್ದು ಮೋಜಿನ ಮುಳುಗು ಮತ್ತು ವಸ್ತುಗಳ ಎತ್ತುವಿಕೆ, ತನಿಖೆಯ ಮುಳುಗನ್ನಲ್ಲ. ‘ಸುವರ್ಣ ತ್ರಿಭುಜ’ದ ವಿಷಯದಲ್ಲಿ ಇನ್ನೂ ಹತ್ತಿರದ ಅಪಾಯವೊಂದಿದೆ. ತಳಕ್ಕೆ ತಾಗಿ ಎಳೆಯುವ ಟ್ರಾಲ್ ಬಲೆ ಅವಶೇಷಕ್ಕೆ ಸಿಕ್ಕಿಕೊಂಡರೆ ಬಲೆಯೂ ಹರಿಯುತ್ತದೆ, ಸಾಕ್ಷ್ಯವೂ ಚದುರುತ್ತದೆ. ಆ ಜಾಗದ ಅಕ್ಷಾಂಶ ರೇಖಾಂಶಗಳು ಮಲ್ಪೆಯಿಂದ ಮಾಲ್ವಣದವರೆಗಿನ ಪ್ರತಿ ಬೋಟಿನ ಜಿಪಿಎಸ್‌ನಲ್ಲಿ ಗುರುತಾಗಬೇಕು, ಅದರ ಸುತ್ತ ಬಲೆ ಎಳೆಯದ ವಲಯವೊಂದು ಅಧಿಸೂಚಿತವಾಗಬೇಕು.